ಹ್ಯಾಂಡ್‌ಪೋಸ್ಟಿಗೆ ಇನ್ನೊಂದು ಹೆಸರು

ಆಲ್ದೂರು
೯ ಜೂನ್ ೨೦೨೪

ಗೆಳೆಯ ಇದ್ರೀಸನಿಗೆ,

ನಿನ್ನ ಗಂಟಲಿನ ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಮುಗಿಯಿತೆಂದು ಜೋಯಾ ತಿಳಿಸಿದಳು. ಕೆಲವು ತಿಂಗಳು ಬಾಯಿ ತೆರೆಯಕೂಡದೆಂದು ವೈದ್ಯರು ವಿಧಿಸಿರುವುದನ್ನೂ ಹೇಳಿದಳು. ನೀನು ಸುಮ್ಮನೆ ಕುಳಿತಿರುವುದನ್ನು ನೋಡಬೇಕೆಂದು ನಮ್ಮ ಶಾಲೆಯ ಮಾಸ್ತರರೆಲ್ಲ ಹಂಬಲಿಸಿ ಕಣ್ಣು ಮುಚ್ಚಿದರು. ಆ ಭಾಗ್ಯ ಈಗ ಮಂಗಳೂರಿನ ನಿನ್ನ ಮಗಳ ಮನೆಗೆ ಒದಗಿದೆ. ಫೋನಿನ ಮೇಲೆ ಬೆರಳಿನಿಂದ ಕುಟ್ಟಿದ್ದನ್ನು ನಾನು ಪತ್ರವೆಂದು ಒಪ್ಪುವವನಲ್ಲ. ನೀನು ಗುಣವಾಗಿ ಬರುವವರೆಗೆ ನಾವಿಬ್ಬರೂ ಕಾಗದದಲ್ಲಿಯೇ ಮಾತನಾಡೋಣ.

‘ದಾರಿ ಸುದ್ದಿ’ಯನ್ನೂ ಅದನ್ನು ಬರೆಯುವ ನಿನ್ನ ಫೋನನ್ನೂ ನೀನು ನನ್ನ ವಶಕ್ಕೆ ಕೊಟ್ಟು ಹೋದಂದಿನಿಂದ ನನ್ನ ದಿನಚರಿ ಬದಲಾಗಿದೆ. ಮರ ಬಿದ್ದದ್ದು, ಬಸ್ಸು ನಿಂತದ್ದು, ವಿದ್ಯುತ್ತು ಹೋದದ್ದು, ಆನೆ ಬಂದದ್ದು, ಇವನ್ನೆಲ್ಲ ನೀನು ಗ್ಯಾರೇಜಿನಲ್ಲಿ ಕುಳಿತು ಬ್ಲಾಗಿನಲ್ಲಿ ಬರೆಯುತ್ತಿದ್ದುದನ್ನು ನಾನು ಹವ್ಯಾಸವೆಂದು ತಿಳಿದಿದ್ದೆ. ಚಿಕ್ಕಮಗಳೂರಿನಾಚೆಯ ಗಿರಿಯ ದಾರಿಯಿಂದ ಮೂಡಿಗೆರೆಯವರೆಗೆ ಜನರು ಬೆಳಗ್ಗೆ ಮುಖ ತೊಳೆಯುವ ಮೊದಲು ಇದನ್ನು ನೋಡುತ್ತಾರೆಂಬುದು ಈಗಷ್ಟೇ ತಿಳಿಯಿತು.

ನಿನ್ನ ಹಳೆಯ ಬರಹಗಳನ್ನು ಓದಿ ಸಂಕಟವಾಯಿತು. “ಮರ ಬಿದ್ದು ರೋಡ್ ಫುಲ್ ಬ್ಲಾಕ್. ಕ್ಲಿಯರ್ ಮಾಡಲಾಗುತ್ತಿದೆ.” ಆಂಗ್ಲ ಪದಗಳನ್ನು ಬೇಕಾದರೆ ಕ್ಷಮಿಸುತ್ತೇನೆ, ‘ಮಾಡಲಾಗುತ್ತಿದೆ’ ಎಂಬುದನ್ನು ಕ್ಷಮಿಸಲಾರೆ. ಯಾರು ಮಾಡುತ್ತಿದ್ದಾರೆ? ಅರಣ್ಯ ಇಲಾಖೆಯವರೇ, ತೋಟದವರೇ, ಬಸ್ಸಿನಿಂದಿಳಿದ ಪ್ರಯಾಣಿಕರೇ? ಮಕ್ಕಳ ಪುಸ್ತಕದಲ್ಲಿ ಇಂಥ ವಾಕ್ಯ ಕಂಡಾಗಲೆಲ್ಲ ಅಂಚಿನಲ್ಲಿ ಕೆಂಪು ಶಾಯಿಯಿಂದ ‘ಕರ್ತೃ ಎಲ್ಲಿ?’ ಎಂದು ಬರೆಯುತ್ತಿದ್ದೆ. ನನ್ನ ಅಧ್ಯಾಪನದ ಮುಕ್ಕಾಲು ಪಾಲು ಅದನ್ನು ಬರೆಯುವುದರಲ್ಲಿಯೇ ಕಳೆದಿರಬೇಕು. ಮಾಡಿದವನ ಹೆಸರು ಹೇಳಲು ಮನಸ್ಸಿಲ್ಲದವನು ಮಾತ್ರ ಹಾಗೆ ಬರೆಯುತ್ತಾನೆ.

ಆನೆಯ ಸುದ್ದಿ ಕೊಡುವ ತೋಟದ ಕಾವಲುಗಾರ ಭೂತಯ್ಯ ಪ್ರತಿದಿನ ನಸುಕಿನಲ್ಲಿ ಕರೆ ಮಾಡುತ್ತಾನೆ. ಅವನದು ಗುಂಡಿ ಒತ್ತುವ ಹಳೆಯ ಫೋನು, ಅವನಿಗೆ ಬರೆಯಲು ಬಾರದು. ಅವನು ಹೇಳಿದ್ದನ್ನು ಕೇಳಿ ನಾನು ಬರೆದು ಹಾಕುತ್ತೇನೆ. ಅದನ್ನು ಎಲ್ಲರಿಗಿಂತ ಮೊದಲು ಓದುವವಳು ನಮಗೆ ಹಾಲು ಕೊಡುವ ಸಿದ್ದಗಂಗಮ್ಮ. ಹ್ಯಾಂಡ್‌ಪೋಸ್ಟಿನಾಚೆಯ ಕೂಲಿಕಾರರ ಸಾಲುಮನೆಯಿಂದ, ಅಂದರೆ ನಿಮ್ಮೆಲ್ಲರ ‘ಲೈನಿ’ನಿಂದ, ಆನೆ ಎಲ್ಲಿದೆಯೆಂದು ಪುಟದಲ್ಲಿ ನೋಡಿಕೊಂಡೇ ಕ್ಯಾನು ಹಿಡಿದು ಹೊರಡುತ್ತಾಳೆ. ನಾನು ಬರೆಯುತ್ತಿದ್ದೇನೆಂದು ತಿಳಿದು ಅವಳಿಗೆ ಸಂತೋಷವಾಗಿದೆ. “ನೀವು ಬರೆದ್ರೆ ತಪ್ಪಿರಲ್ಲ ಬಿಡಿ ಮೇಷ್ಟ್ರೇ. ಇದ್ರೀಸ್ ಸಾಬ್ರು ಬರೆಯೋದು ಅವ್ರ ಗಾಡಿ ರಿಪೇರಿ ಹಂಗೇ. ನೋಡಕ್ಕೆ ಚಂದಿಲ್ಲ, ಅಂತೂ ಓಡ್ತದೆ” ಎಂದಳು.

ನಿನ್ನ ಸ್ವರ ಬೇಗ ಮರಳಲಿ.

ಸುಬ್ಬಯ್ಯ

*

ಮಂಗಳೂರು
17-6-2024

ಸುಬ್ಬಯ್ಯ ಮಾರಾಯ,

ಕಾಗದ ಸಿಕ್ಕಿತು. ಜೋಯಾ ಒಂದು ಸ್ಲೇಟು ಕೊಟ್ಟಿದ್ದಾಳೆ. ಗಂಜಿ ಬೇಕು, ಫ್ಯಾನು ಹಾಕು ಎಂದು ಬರೆದು ತೋರಿಸುತ್ತೇನೆ. ಮೊಮ್ಮಗ ಬಂದು ನನ್ನ ಒತ್ತಕ್ಷರ ತಿದ್ದಿ ಹೋಗುತ್ತಾನೆ. ನಿನ್ನ ಗಾಳಿ ಘಾಟಿ ಇಳಿದು ಇಲ್ಲಿಗೂ ಬಂದಿದೆ.

ಸಿದ್ದಗಂಗಮ್ಮನಿಗೆ ಹೇಳು, ಅವಳ ಮಾತು ನನಗೆ ಪ್ರಶಸ್ತಿ ಕೊಟ್ಟಷ್ಟು ಖುಷಿಯಾಯಿತು. ಓಡಿದರೆ ಸಾಕಲ್ಲವಾ?

ಬಸ್ಸು, ಕರೆಂಟು, ಕಾಫಿ ರೇಟು, ಯಾವುದನ್ನಾದರೂ ನೀನು ಹೇಗೆ ಬೇಕಾದರೂ ಬರೆ. ಆನೆ ಸುದ್ದಿಯಲ್ಲಿ ಮಾತ್ರ ಕೈಯಾಡಿಸಬೇಡ. ಅದನ್ನು ಯಾರೂ ಕೂತು ಓದುವುದಿಲ್ಲ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಊಟದ ಡಬ್ಬಿ. ಫೋನು ಕಿಣಿ ಎಂದಾಗ ಮೇಲ್ಗಡೆ ಬರುವ ಒಂದು ಸಾಲನ್ನು ನೋಡುತ್ತಾರೆ, ಒಳಗೆ ತೆರೆಯುವುದೂ ಇಲ್ಲ. ಆ ಸಾಲಿನಲ್ಲಿ ಎರಡು ಮಾತು ಇದ್ದರೆ ಸಾಕು. ಆನೆ, ಮತ್ತೆ ಜಾಗ. ಭೂತಯ್ಯ ಹೇಗೆ ಹೇಳುತ್ತಾನೋ ಹಾಗೇ ಹಾಕಿಬಿಡು. ಅವನು ಕುಡಿಯುತ್ತಾನೆ, ನಿಜ. ಆದರೆ ಆನೆ ಕಂಡ ದಿನ ಕುಡಿದವನಲ್ಲ.

ಎಷ್ಟು ಜನ ನೋಡಿದರು ಎಂದು ಪುಟದ ಕೆಳಗೆ ತೋರಿಸುತ್ತದೆ, ಗಮನಿಸಿದೆಯಾ? ಅದೊಂದು ಚಟ. ನಾನು ಗಾಡಿಯಡಿ ಮಲಗಿ ಗ್ರೀಸ್ ಕೈಯಲ್ಲೇ ಅದನ್ನು ನೋಡುತ್ತಿದ್ದೆ. “ಹೆಂಡ್ತಿ ಮುಖ ಇಷ್ಟು ಸಲ ನೋಡಿದ್ರೆ ಸಾಕಿತ್ತು” ಎಂದು ಅಖ್ತರ್ ಬಾನು ಹೇಳುತ್ತಿದ್ದಳು. ಅವಳು ಹೋದ ಮೇಲೆ ಇನ್ನೂ ಜಾಸ್ತಿ ನೋಡಿದೆ. ನೀನು ಆ ಕಡೆ ಕಣ್ಣು ಹಾಕಬೇಡ.

ಇದ್ರೀಸ್

*

ಆಲ್ದೂರು
೨೬ ಜೂನ್ ೨೦೨೪

ಗೆಳೆಯ ಇದ್ರೀಸನಿಗೆ,

ನೀನು ಕಣ್ಣು ಹಾಕಬೇಡವೆಂದ ಕಡೆಗೆ ಕಣ್ಣು ಹಾಕಿದೆ. ಓದುಗರ ಸಂಖ್ಯೆ ಏರಿದೆ. ಬರಹಗಳ ಕೆಳಗೆ ಅಪರಿಚಿತರು ಮೆಚ್ಚುಗೆಯ ಮಾತು ಬರೆಯುತ್ತಿದ್ದಾರೆ. ‘ಇಂಥ ಕನ್ನಡ ಓದಿ ಎಷ್ಟು ಕಾಲವಾಗಿತ್ತು’ ಎಂದು ದುಬೈಯಲ್ಲಿರುವ ನಮ್ಮ ಕಡೆಯವನೊಬ್ಬ ಬರೆದಿದ್ದಾನೆ. ನಿವೃತ್ತನಾದ ಮೇಲೆ ನನ್ನ ವಾಕ್ಯವನ್ನು ಯಾರೂ ಹೀಗೆ ಗಮನಿಸಿರಲಿಲ್ಲ. ಮುಚ್ಚಿಡುವುದೇಕೆ, ಹಿತವಾಯಿತು.

ನಿನ್ನ ಸಲಹೆಯನ್ನು ಕುರಿತು ಯೋಚಿಸಿದೆ. ಭೂತಯ್ಯ ಹೇಳಿದಂತೆಯೇ ಹಾಕುವುದಾದರೆ ನನ್ನ ಕೆಲಸವೇನು? ಅವನ ಮಾತಿನಲ್ಲಿ ಎಸ್ಟೇಟು, ಗೇಟು, ಲೈನು, ಹ್ಯಾಂಡ್‌ಪೋಸ್ಟು ಇವುಗಳ ನಡುವೆ ‘ಆನೆ’ಯೊಂದೇ ಕನ್ನಡ. ಅದನ್ನೂ ನಾನು ‘ಒಂಟಿಸಲಗ’ವೆಂದು ಮೇಲಕ್ಕೇರಿಸಿದ್ದೇನೆ. ಸಿದ್ದಗಂಗಮ್ಮ ಹಾಲಳೆಯುತ್ತ, “ಸಲಗ ಅಂದ್ರೆ ಆನೇನೇ ಅಲ್ವಾ ಮೇಷ್ಟ್ರೇ? ನಾನು ಅದ್ಯಾವ್ದೋ ಹೊಸ ಪ್ರಾಣಿ ಬಿಟ್ಟಿದಾರೆ ಅಂತ ಹೆದ್ರಿದ್ದೆ” ಎಂದಳು. ಇಬ್ಬರೂ ನಕ್ಕೆವು. ಮರುದಿನದಿಂದ ಅವಳೇ ‘ಸಲಗ’ ಎನ್ನತೊಡಗಿದಳು. ಕಲಿಸಿದರೆ ಕಲಿಯುತ್ತಾರೆ.

‘ಹ್ಯಾಂಡ್‌ಪೋಸ್ಟ್’ ಎಂಬುದು ನನ್ನನ್ನು ಬಹಳ ದಿನಗಳಿಂದ ಕಾಡಿದೆ. ಮೂರು ದಾರಿ ಕೂಡುವೆಡೆ ಬ್ರಿಟಿಷ್ ಪ್ಲಾಂಟರುಗಳು ಚಾಚಿದ ಬೆರಳಿನ ಹಲಗೆಯ ಕಂಬ ನೆಟ್ಟರು. ಕಂಬ ಉರುಳಿ ಎಷ್ಟೋ ಕಾಲವಾದರೂ ನಾವು ಆ ಹೆಸರನ್ನು ಹೊತ್ತು ತಿರುಗುತ್ತಿದ್ದೇವೆ. ಇದಕ್ಕೆ ಸೊಗಸಾದ ಕನ್ನಡ ಪದವಿದೆ. ಕೈಮರ. ಕೈತೋರುವ ಮರ. ‘ಕೈಕಂಬ’ ಎಂದೂ ಹೇಳಬಹುದು. ಆದರೆ ಕಂಬವು ಸಂಸ್ಕೃತದ ಸ್ತಂಭದಿಂದ ಬಂದದ್ದು, ಮರ ನಮ್ಮದೇ. ಗಿರಿಗೆ ಹೋಗುವ ದಾರಿಯ ಊರಿಗೆ ಹಿರಿಯರು ಕೈಮರವೆಂದೇ ಹೆಸರಿಟ್ಟಿಲ್ಲವೇ? ಅಲ್ಲಿ ಸಲ್ಲುವ ಪದ ಇಲ್ಲೇಕೆ ಸಲ್ಲಬಾರದು? ಸಂದರ್ಭವರಿತು ಓದುವವರಿಗೆ ಗೊಂದಲವಾಗದು. ಬರುವ ವಾರದಿಂದ ಹಾಗೆಯೇ ಬರೆಯಲಿದ್ದೇನೆ.

ನಿನಗೆ ನಗು ಬಂದರೆ ಗಂಟಲಿಗೆ ನೋವಾಗದಂತೆ ನಗು.

ಸುಬ್ಬಯ್ಯ

*

ಮಂಗಳೂರು
3-7-2024

ಸುಬ್ಬಯ್ಯ,

ಬೇಡ. ಆ ಹೆಸರನ್ನು ಮುಟ್ಟಬೇಡ.

ಹ್ಯಾಂಡ್‌ಪೋಸ್ಟ್ ಇಂಗ್ಲಿಷೋ ಕನ್ನಡವೋ ನನಗೆ ಗೊತ್ತಿಲ್ಲ. ಅದು ಒಂದು ಜಾಗ. ಬಸ್ಸು ನಿಲ್ಲುತ್ತದೆ, ಮೀನಿನವನು ನಿಲ್ಲುತ್ತಾನೆ. ಕೈಮರ ಎಂದರೆ ನಮ್ಮ ಜನರಿಗೆ ಚಿಕ್ಕಮಗಳೂರು ದಾಟಿ ಗಿರಿ ಹತ್ತುವಾಗ ಸಿಗುವ ಕೈಮರವೇ. ಪುಟದಲ್ಲಿ ಆ ಕಡೆಯ ಸುದ್ದಿಯೂ ಬರುತ್ತದೆ. ಆನೆ ಅಲ್ಲಿದೆ ಎಂದುಕೊಂಡು ಇಲ್ಲಿ ನಡೆದುಬಿಡುತ್ತಾರೆ.

ನಿನಗೆ ಬೇಸರವಾದರೂ ಸರಿ, ಇದೊಂದು ಮಾತು ಕೇಳು.

ಇದ್ರೀಸ್

*

ಆಲ್ದೂರು
೭ ಜುಲೈ ೨೦೨೪

ಗೆಳೆಯ ಇದ್ರೀಸನಿಗೆ,

ದುಃಖದ ವಾರ್ತೆಯೊಂದನ್ನು ತಿಳಿಸಬೇಕಾಗಿದೆ. ಸಿದ್ದಗಂಗಮ್ಮ ಶುಕ್ರವಾರ ನಸುಕಿನಲ್ಲಿ ಆನೆಯ ತುಳಿತಕ್ಕೆ ಸಿಕ್ಕಿ ತೀರಿಕೊಂಡಳು. ಹ್ಯಾಂಡ್‌ಪೋಸ್ಟಿನ ತಂಗುದಾಣದ ಹಿಂದಿನ ತಿರುವಿನಲ್ಲಿ. ಮಂಜು ದಟ್ಟವಾಗಿತ್ತು. ಮೊದಲ ಬಸ್ಸಿನ ಚಾಲಕ ನೋಡಿ ಕೂಗಿಕೊಂಡನಂತೆ.

ನಾನು ಹೋಗುವ ವೇಳೆಗೆ ಅರಣ್ಯ ಇಲಾಖೆಯವರು ಬಂದಿದ್ದರು. ದೇಹಕ್ಕೆ ಹೊದಿಸಲು ಯಾರೋ ಕಾಫಿ ಒಣಗಿಸುವ ಟಾರ್ಪಾಲು ತಂದಿದ್ದರು. ಹಾಲಿನ ಕ್ಯಾನು ಚರಂಡಿಯಲ್ಲಿ ಬಿದ್ದಿತ್ತು. ಮುಚ್ಚಳ ಬಿಗಿಯಾಗಿದ್ದುದರಿಂದ ಹಾಲು ಚೆಲ್ಲಿರಲಿಲ್ಲ. ಅವಳ ಫೋನು ಕೈಚೀಲದೊಳಗೇ ಇತ್ತು. ಮಗಳು ಪಂಚಮಿ ಮೂಡಿಗೆರೆಯ ಕಾಲೇಜಿಗೆ ಹೊರಡಲು ತಲೆ ಬಾಚುತ್ತಿದ್ದವಳು ಬಾಚಣಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿ ಬಂದಿದ್ದಳು.

ಭೂತಯ್ಯನಿಂದ ಎಂದಿನಂತೆ ಕರೆ ಬಂದಿತ್ತು. ಬಂದ ಸುದ್ದಿಯನ್ನು ಪ್ರಕಟಿಸಲಾಗಿತ್ತು. ಸ್ಥಳನಾಮದಲ್ಲಿ ವ್ಯತ್ಯಾಸ ಕಂಡುಬಂದದ್ದರಿಂದ ಬಳಿಕ ಅದನ್ನು ಸರಿಪಡಿಸಲಾಯಿತು.

ಮಳೆ ಬಿಡುವು ಕೊಟ್ಟಿಲ್ಲ. ನಿನ್ನ ಆರೋಗ್ಯ ನೋಡಿಕೋ.

ಸುಬ್ಬಯ್ಯ

*

ಮಂಗಳೂರು
15-7-2024

ಸುಬ್ಬಯ್ಯ,

ಸಿದ್ದಗಂಗಮ್ಮನ ಸುದ್ದಿಯನ್ನು ನಿನ್ನ ಕಾಗದಕ್ಕಿಂತ ಮೊದಲೇ ಜೋಯಾಳ ಫೋನಿನಲ್ಲಿ ನೋಡಿದೆ. ನನ್ನ ಮದುವೆಯಲ್ಲಿ ಅವಳ ಅಪ್ಪ ಬಿರಿಯಾನಿಗೆ ಸೌದೆ ಒಡೆದಿದ್ದರು. ಅವಳು ಆಗ ಇಷ್ಟೇ ಎತ್ತರ, ಕುರ್ಚಿಗಳ ಸಂದಿಯಲ್ಲಿ ಓಡಾಡುತ್ತಿದ್ದಳು.

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಟಾರ್ಪಾಲು ಇದೆ, ಬಾಚಣಿಗೆ ಇದೆ, ಎಲ್ಲ ಇದೆ.

ನಾನು ಮೂರನೆಯ ತಾರೀಕು ಬರೆದ ಕಾಗದ ಸಿಕ್ಕಿತಾ? ಘಾಟಿಯಲ್ಲಿ ಗುಡ್ಡ ಜರಿದು ಗಾಡಿಗಳು ನಿಂತಿದ್ದವು ಎಂದು ನಮ್ಮದೇ ಪುಟದಲ್ಲಿ ಓದಿದೆ. ಸಿಕ್ಕಿದ್ದರೆ ಯಾವತ್ತು ಸಿಕ್ಕಿತು ಎಂದು ಬರೆ. ಬೇರೇನೂ ಕೇಳುವುದಿಲ್ಲ.

ಇದ್ರೀಸ್

*

ಆಲ್ದೂರು
೪ ಆಗಸ್ಟ್ ೨೦೨೪

ಗೆಳೆಯ ಇದ್ರೀಸನಿಗೆ,

ನಿನ್ನ ಮೂರನೆಯ ತಾರೀಕಿನ ಪತ್ರ ಶನಿವಾರ ತಲುಪಿತು. ಶುಕ್ರವಾರದ ಮರುದಿನ.

ಉತ್ತರ ತಡವಾದುದಕ್ಕೆ ಇಲ್ಲಿನ ಗದ್ದಲವೇ ಕಾರಣ. ‘ಕೈಮರ ಎಂದಿದ್ದ ಸ್ಥಳನಾಮವನ್ನು ಹ್ಯಾಂಡ್‌ಪೋಸ್ಟ್ ಎಂದು ಸರಿಪಡಿಸಲಾಗಿದೆ’ ಎಂಬ ಸಾಲನ್ನು ಆ ಶುಕ್ರವಾರವೇ ಪುಟದಲ್ಲಿ ಸೇರಿಸಿದ್ದೆ. ಅದರ ಕೆಳಗೆ ಚರ್ಚೆ ಆರಂಭವಾಯಿತು. ‘ವಾಚರ್ ಕುಡಿದು ತಪ್ಪು ಜಾಗ ಹೇಳಿದ್ದಾನೆ’ ಎಂದು ಒಬ್ಬ ಬರೆದ. ನನ್ನ ಕನ್ನಡವನ್ನು ಮೆಚ್ಚಿದ ದುಬೈಯವನೇ ಅವನು. ಅವನು ಕಂಡದ್ದಿಲ್ಲ, ಕೇಳಿದ್ದಿಲ್ಲ. ನಮ್ಮ ಊರಿನವರು ಅದಕ್ಕೆ ಮೆಚ್ಚುಗೆಯ ಗುರುತು ಒತ್ತಿದರು, ತಮ್ಮ ತಮ್ಮ ಗುಂಪುಗಳಿಗೆ ಕಳಿಸಿದರು. ಸಂಜೆಯ ಹೊತ್ತಿಗೆ ಅದೇ ಮಾತು ಊರೆಲ್ಲ ಸುತ್ತಿ, ಕಣ್ಣಾರೆ ಕಂಡವರ ಹೇಳಿಕೆಯಾಗಿ ನನ್ನ ಮನೆಯ ಬಾಗಿಲಿಗೇ ಬಂತು. ಚಹಾದಂಗಡಿಯ ಓಂಕಾರಪ್ಪ, ಭೂತಯ್ಯನ ಬಾಯಿಂದ ಬಂದ ವಾಸನೆಯನ್ನೂ ವರ್ಣಿಸಿದ. ಪುಟದ ತಪ್ಪಿರಬಹುದೇ ಎಂದು ಒಬ್ಬಳು ಕೇಳಿದ್ದಳು. ‘ಸುಬ್ಬಯ್ಯ ಮೇಷ್ಟ್ರು ತಪ್ಪು ಬರೆಯುವವರಲ್ಲ’ ಎಂದು ನನ್ನ ಹಳೆಯ ಶಿಷ್ಯರು ಅವಳ ಬಾಯಿ ಮುಚ್ಚಿಸಿದರು.

ತೋಟದ ಮ್ಯಾನೇಜರು ಮನೆಗೆ ಬಂದು, ಭೂತಯ್ಯ ಏನು ಹೇಳಿದ್ದನೆಂದು ವಿಚಾರಿಸಿದರು. ಬಂದ ಸುದ್ದಿಯನ್ನು ಪ್ರಕಟಿಸಲಾಗಿದೆ ಎಂದೆ. ಆ ವಾಕ್ಯದಲ್ಲಿ ಅಸತ್ಯವಾದ ಪದ ಒಂದೂ ಇಲ್ಲ. ಅವರು ಕಾಫಿ ಕುಡಿದು ಹೋದರು. ಮರುದಿನ ಭೂತಯ್ಯನನ್ನು ಕಾವಲಿನಿಂದ ಬಿಡಿಸಿದರು.

ಇದೊಂದನ್ನು ಬರೆಯದೆ ಇರಲಾರೆ. ಕಳೆದ ವಾರ ಪಂಚಮಿ ಬಂದಿದ್ದಳು. ನಮ್ಮ ಮನೆಯಲ್ಲಿ ಉಳಿದಿದ್ದ ಅವಳ ತಾಯಿಯ ಅಳತೆಯ ಲೋಟವನ್ನು ಒಯ್ಯಲು. ಒಳಗೆ ಬರಲಿಲ್ಲ. ಮೆಟ್ಟಿಲ ಬಳಿ ನಿಂತು, “ಅವ್ವ ನೋಡ್ಕಂಡೇ ಹೊರಟಿದ್ದು ಮೇಷ್ಟ್ರೇ. ಇವತ್ತು ಸಲಗ ಕೈಮರದಲ್ಲಂತೆ, ದೂರ ಅದೆ, ಬೇಗ ಹೋಗಿ ಬಂದ್ಬಿಡ್ತೀನಿ ಅಂದ್ಳು” ಎಂದಳು.

‘ಸಲಗ’ ಎಂದೇ ಹೇಳಿದಳಂತೆ.

ಲೋಟವನ್ನು ತೊಳೆದು ಕೊಟ್ಟೆ.

ಸುಬ್ಬಯ್ಯ

*

ಮಂಗಳೂರು
19-8-2024

ಸುಬ್ಬಯ್ಯ,

ಡಾಕ್ಟರು ಪಿಸುಮಾತಿಗೆ ಅನುಮತಿ ಕೊಟ್ಟಿದ್ದಾರೆ. ಬಾಯಿ ತೆರೆದರೆ ಏನು ಹೇಳಬೇಕಾಗುತ್ತದೋ ಎಂದು ನಾನೇ ಸುಮ್ಮನಿದ್ದೇನೆ.

ಭೂತಯ್ಯ ಜೋಯಾಳಿಗೆ ಫೋನ್ ಮಾಡಿದ್ದ. ಲೈನಿನಲ್ಲಿ ಅವನ ಹೆಂಡತಿಗೆ ನಲ್ಲಿಯ ಹತ್ತಿರ ಜಾಗ ಬಿಡುತ್ತಿರಲಿಲ್ಲವಂತೆ. ಮನೆ ಖಾಲಿ ಮಾಡಿ ಕಳಸದ ಕಡೆ ಭಾವನ ಮನೆಗೆ ಹೋಗಿದ್ದಾನೆ. ಜೋಯಾ ಫೋನನ್ನು ನನ್ನ ಕಿವಿಗೆ ಹಿಡಿದಳು. ಅವನು ಹೇಳಿದ್ದನ್ನು ಹಾಗೆ ಹಾಗೇ ಬರೆಯುತ್ತೇನೆ, ತಿದ್ದಬೇಡ.

“ಸಾಬ್ರೇ, ನಾನು ಹ್ಯಾಂಡ್‌ಪೋಸ್ಟ್ ಅಂತಾನೇ ಅಂದಿದ್ದು. ನಂಗೆ ಬೇರೆ ಹೆಸ್ರು ಗೊತ್ತೇ ಇಲ್ಲ. ಆದ್ರೂ ಎಲ್ರೂ ಹೇಳಿ ಹೇಳಿ ಈಗ ನಂಗೇ ಅನುಮಾನ. ಬಾಯಿ ತಪ್ಪಿ ಏನಾರೂ ಅಂದ್ನಾ ಅಂತ. ರಾತ್ರಿ ಎದ್ದು ಅದನ್ನೇ ಹೇಳಿ ನೋಡ್ತೀನಿ. ಹ್ಯಾಂಡ್‌ಪೋಸ್ಟ್, ಹ್ಯಾಂಡ್‌ಪೋಸ್ಟ್ ಅಂತ. ಹೆಂಡ್ತಿ ಹುಚ್ಚು ಹಿಡೀತು ಅಂತಾಳೆ.”

ಅವನಿಗೆ ನಾನು ಉತ್ತರ ಕೊಡಲಿಲ್ಲ. ಪಿಸುಮಾತಿನಲ್ಲಿ ಕೊಡಬಹುದಿತ್ತು.

ನಿನ್ನ ಜೂನ್ ಕಾಗದ ನನ್ನ ದಿಂಬಿನ ಅಡಿಯಲ್ಲಿದೆ. ಕೈಮರ, ಕೈಕಂಬ, ಎಲ್ಲ ಇರುವುದು. ಮೊದಲ ದಿನದಿಂದ ನನಗೆ ಗೊತ್ತು, ನನಗೆ ಗೊತ್ತೆಂದು ನಿನಗೂ ಗೊತ್ತು. ನಾನು ಯಾಕೆ ಸುಮ್ಮನಿದ್ದೆ ಹೇಳಲಾ? ‘ದಾರಿ ಸುದ್ದಿ’ ಹಾಕಿದ ಸುದ್ದಿ ನಂಬಿ ಒಬ್ಬಳು ಸತ್ತಳು ಎಂದು ಗೊತ್ತಾದರೆ ನಾಳೆ ಯಾರು ನೋಡುತ್ತಾರೆ? ಆ ಪುಟವೊಂದೇ ನನ್ನದೆಂದು ಉಳಿದಿರುವುದು. ಭೂತಯ್ಯನ ಮೇಲೆ ಹೋದರೆ ಹೋಗಲಿ ಎಂದುಕೊಂಡೆ. ಇನ್ನೊಂದಿದೆ. ಜುಲೈ ಮೂರರಂದು ಜೋಯಾಳ ಕೈಯಲ್ಲಿ ನಿನಗೆ ಒಂದು ಫೋನು ಮಾಡಿಸಿದ್ದರೆ ಮುಗಿಯುತ್ತಿತ್ತು. ಮಗಳ ಬಾಯಲ್ಲಿ ಹೇಳಿಸಿದರೆ ಮೇಷ್ಟ್ರಿಗೆ ಅವಮಾನವಾದೀತು ಎಂದು ಕಾಗದ ಬರೆದು ಡಬ್ಬಿಗೆ ಹಾಕಿಸಿದೆ.

ಆ ಗಂಡಸು ರಾತ್ರಿ ಎದ್ದು ಊರಿನ ಹೆಸರು ಹೇಳಿ ನೋಡುತ್ತಿದ್ದಾನೆ. ಪುಟದಲ್ಲಿ ನಿಜ ಹಾಕು. ಪುಟ ಉಳಿಯದಿದ್ದರೆ ಬೇಡ.

ಇದ್ರೀಸ್

*

ಆಲ್ದೂರು
೨೮ ಆಗಸ್ಟ್ ೨೦೨೪

ಗೆಳೆಯ ಇದ್ರೀಸನಿಗೆ,

ನೀನು ಹೇಳಿದಂತೆ ಪ್ರಕಟಣೆಯೊಂದನ್ನು ಸಿದ್ಧಪಡಿಸಿದ್ದೇನೆ. ಹಲವು ಕರಡುಗಳನ್ನು ಹರಿದು ಹಾಕಿದ ಮೇಲೆ ಇದು ಉಳಿಯಿತು. ಪ್ರತ್ಯೇಕ ಹಾಳೆಯಲ್ಲಿ ಬರೆದು ಇದರೊಡನೆ ಇರಿಸಿದ್ದೇನೆ. ನೀನು ನೋಡಿ ಒಪ್ಪಿದ ಮೇಲೆ ಹಾಕುತ್ತೇನೆ.

“ಜುಲೈ ಐದರಂದು ಈ ಪುಟದಲ್ಲಿ ಪ್ರಕಟವಾದ ಆನೆಯ ಎಚ್ಚರಿಕೆಯಲ್ಲಿ ಸ್ಥಳನಾಮದ ಬಳಕೆಗೆ ಸಂಬಂಧಿಸಿದಂತೆ ದೋಷ ಸಂಭವಿಸಿರುತ್ತದೆ. ಸುದ್ದಿ ನೀಡಿದವರಿಂದ ಯಾವುದೇ ತಪ್ಪು ಆಗಿರುವುದಿಲ್ಲವೆಂದು ಈ ಮೂಲಕ ತಿಳಿಸಲಾಗಿದೆ. ಉಂಟಾದ ಅನನುಕೂಲಕ್ಕಾಗಿ ವಿಷಾದಿಸಲಾಗಿದೆ.”

ಭೂತಯ್ಯನ ನಿರಪರಾಧಿತ್ವ ಇದರಿಂದ ಸ್ಪಷ್ಟವಾಗುತ್ತದೆಂದು ನಂಬಿದ್ದೇನೆ. ಭಾಷೆಯಲ್ಲಿ ಏನಾದರೂ ಕೊರತೆ ಕಂಡರೆ ತಿಳಿಸು.

ಸುಬ್ಬಯ್ಯ

*

ಮಂಗಳೂರು
5-9-2024

ಸುಬ್ಬಯ್ಯ,

ನಿನ್ನ ಹಾಳೆಯನ್ನು ವಾಪಸು ಕಳಿಸುತ್ತಿದ್ದೇನೆ. ಮೊಮ್ಮಗನ ಕೆಂಪು ಪೆನ್ಸಿಲು ಇಸಿದುಕೊಂಡು ಅಂಚಿನಲ್ಲಿ ಒಂದೇ ಕಡೆ ಗುರುತು ಹಾಕಿದ್ದೇನೆ. ‘ಅನನುಕೂಲ’ವನ್ನು ಹಾಗೇ ಬಿಟ್ಟಿದ್ದೇನೆ. ಅದನ್ನು ಪಂಚಮಿಗೆ ನೀನೇ ಓದಿ ಹೇಳು.

ಕರ್ತೃ ಎಲ್ಲಿ?

ಇದ್ರೀಸ್

*

ಆಲ್ದೂರು
೨೪ ಸೆಪ್ಟೆಂಬರ್ ೨೦೨೪

ಇದ್ರೀಸ್,

ಕೆಂಪು ಗುರುತಿನ ಹಾಳೆ ಮೇಜಿನ ಮೇಲೆ ಕೆಲವು ದಿನ ಇತ್ತು. ಅದನ್ನು ಮುಟ್ಟದೆ ಪಕ್ಕದಲ್ಲಿ ಊಟ ಮಾಡಿದೆ, ಪಕ್ಕದಲ್ಲಿ ಕುಳಿತು ಬಸ್ಸಿನ ಸುದ್ದಿ ಬರೆದೆ. ಆಮೇಲೆ ಪುಟದಲ್ಲಿ ಇಷ್ಟನ್ನು ಹಾಕಿದೆ.

“ಜುಲೈ ಐದರ ನಸುಕಿನಲ್ಲಿ, ಆನೆ ಹ್ಯಾಂಡ್‌ಪೋಸ್ಟಿನಲ್ಲಿದೆ ಎಂದು ಭೂತಯ್ಯ ನನಗೆ ಹೇಳಿದ. ನಾನು ಕೈಮರ ಎಂದು ಬರೆದೆ. ಸಿದ್ದಗಂಗಮ್ಮ ಅದನ್ನು ನಂಬಿ ಹೊರಟಳು. ಇಷ್ಟು ದಿನ ನಾನು ಇದನ್ನು ಹೇಳಲಿಲ್ಲ. ಸುಬ್ಬಯ್ಯ.”

ನೋಡಿದವರು ಬಹಳ ಮಂದಿಯಿಲ್ಲ. ಕುಡುಕ ವಾಚರನ ಸುದ್ದಿಯನ್ನು ಹಂಚಿದವರು ಇದನ್ನು ಹಂಚಲಿಲ್ಲ. ದುಬೈಯವನು ಈಗ ಬೇರೆ ಯಾವುದೋ ಊರಿನ ಬೇರೆ ಯಾವುದೋ ಸುದ್ದಿಯ ಕೆಳಗೆ ಬರೆಯುತ್ತಿದ್ದಾನೆ. ಅವನ ಮಾತಿಗೆ ಅಲ್ಲಿಯೂ ಮೆಚ್ಚುಗೆ ಬಿದ್ದಿದೆ. ನಮ್ಮವರು ಮಾತ್ರ ಓದಿದರು. ಓಂಕಾರಪ್ಪನ ಅಂಗಡಿಯಲ್ಲಿ ನನಗೆ ಚಹಾ ಕೊಟ್ಟರು, ಮಾತು ಕೊಡಲಿಲ್ಲ. ಲೈನಿನವರು ಪುಟವನ್ನು ನೋಡುವುದು ಬಿಟ್ಟಿದ್ದಾರೆ. ನಸುಕಿನಲ್ಲಿ ಒಬ್ಬರನ್ನೊಬ್ಬರು ಕೂಗಿ ಕೇಳಿಕೊಂಡು ಗುಂಪಾಗಿ ಹೊರಡುತ್ತಾರೆ. ನಿನ್ನ ಫೋನನ್ನು ಗ್ಯಾರೇಜಿನ ಫಯಾಜನಿಗೆ ಒಪ್ಪಿಸಿದ್ದೇನೆ. ಆನೆ, ಮತ್ತೆ ಜಾಗ ಎಂದಷ್ಟೇ ಹೇಳಿ ಬಂದೆ.

ಪಂಚಮಿಯ ಮನೆಗೆ ಹೋಗಿ, ಪುಟದಲ್ಲಿ ಹಾಕಿದ್ದನ್ನು ಅವಳೆದುರು ಓದಿದೆ. ಅವಳು ದನಕ್ಕೆ ಹುಲ್ಲು ಹಾಕುತ್ತಿದ್ದಳು. ಕಾಲೇಜಿಗೆ ಹೋಗುತ್ತಿಲ್ಲ. “ಅವ್ವಂಗೆ ನಿಮ್ಮ ಬರಹ ಅಂದ್ರೆ ಪ್ರಾಣ” ಎಂದಳು. ಇನ್ನೊಂದು ಹಿಡಿ ಹುಲ್ಲು ಹಾಕಿದಳು. ನಾನು ‘ಕೈಕಂಬ’ ಎಂದಾದರೂ ಬರೆದಿದ್ದರೆ ಸಿದ್ದಗಂಗಮ್ಮನಿಗೆ ಅರ್ಥವಾಗುತ್ತಿರಲಿಲ್ಲ. ಯಾರನ್ನಾದರೂ ಕೇಳಲು ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದಳು. ಅವಳಿಗೆ ಚೆನ್ನಾಗಿ ಅರ್ಥವಾಗುವ ತಪ್ಪನ್ನೇ ನಾನು ಆರಿಸಿದೆ.

ನಿನ್ನೆ ಕಳಸಕ್ಕೆ ಹೋಗಿದ್ದೆ. ಭೂತಯ್ಯನ ಭಾವನ ಮನೆ ಬಸ್ಸಿಳಿದು ಗುಡ್ಡ ಹತ್ತಿದ ಮೇಲೆ ಸಿಗುತ್ತದೆ. ಅವನು ಜಗಲಿಯ ಮೇಲೆ ಕುಳಿತು ಹಳೆಯ ಟಾರ್ಚನ್ನು ಬಿಚ್ಚಿ ಒರೆಸುತ್ತಿದ್ದ. ಈಗ ಅವನಿಗೆ ಟಾರ್ಚಿನ ಕೆಲಸವಿಲ್ಲ. ನನ್ನನ್ನು ಕಂಡು ಎದ್ದು ನಿಂತ. ಹೆಂಡತಿ ನೀರು ತಂದಳು, ಅವಳ ಮುಖ ನನ್ನ ಕಡೆ ತಿರುಗಲಿಲ್ಲ. ಮ್ಯಾನೇಜರರಿಗೆ ನಾನೇ ಹೇಳಿದ್ದೇನೆ, ಕೆಲಸಕ್ಕೆ ಮರಳಿ ಕರೆಯುತ್ತಾರೆ ಎಂದೆ. ಅವನು ಬರುವುದಿಲ್ಲ ಎಂದ. ಆ ತಿರುವಿನಲ್ಲಿ ನಡೆಯಲು ಕಾಲು ಬರುವುದಿಲ್ಲವಂತೆ.

ಅವನಿಗೂ ಪುಟದಲ್ಲಿ ಹಾಕಿದ್ದನ್ನು ಓದಿ ಹೇಳಿದೆ. ಅವನು ತಲೆಯಾಡಿಸಿದ, ಆದರೆ ಕಣ್ಣು ನನ್ನ ಬಾಯಿಯ ಮೇಲೇ ಇತ್ತು. ಪುಟದಲ್ಲಿ ಬರೆದದ್ದು ಅವನಿಗೆ ಸಾಲಲಿಲ್ಲ ಎಂದು ಅರಿವಾಯಿತು. ಆ ಬೆಳಗ್ಗೆ ನಡೆದದ್ದು ನಿನಗೂ ಗೊತ್ತಿಲ್ಲ ಇದ್ರೀಸ್. ಅವನು ಹೇಳಿದ್ದನ್ನು ನಾನು ಹಾಗೆಯೇ ಬೆರಳಿನಿಂದ ಒತ್ತಿದ್ದೆ. ಹ್ಯಾಂಡ್‌ಪೋಸ್ಟ್ ಎಂದೇ. ಓದಿ ನೋಡಿ, ಅಳಿಸಿ, ಮತ್ತೆ ಬರೆದೆ.

ಭೂತಯ್ಯ ಟಾರ್ಚನ್ನು ಕೆಳಗಿಟ್ಟ.

“ಹ್ಯಾಂಡ್‌ಪೋಸ್ಟ್ ಅಂತ ನಾನು ಅಂದಿದ್ದು ಅವತ್ತು ನಿಮ್ಗೆ ಕೇಳಿತ್ತಾ ಮೇಷ್ಟ್ರೇ?”

“ಕೇಳಿತ್ತು” ಎಂದೆ.

ಸುಬ್ಬಯ್ಯ